ಅತ್ತೆಗೆ ಮಾತು ಕಲಿಸಿದ್ದು

ನನ್ನ ಅತ್ತೆಗೆ ಲಕ್ವ ಹೊಡೆದಾಗ ನಾನು ಅಳಲಿಲ್ಲ. ಬಲಗೈ ಬಿದ್ದುಹೋಯಿತು, ಬಾಯಿ ಸೊಟ್ಟಗಾಯಿತು, ಮಾತು ನಿಂತಿತು. ಊರವರು ಬಂದು ಲೊಚಗುಟ್ಟಿದರು. ಅವರಿಗೆಲ್ಲ ಕಾಫಿ ಕೊಡುತ್ತಾ ನಾನು ಯೋಚಿಸುತ್ತಿದ್ದದ್ದು ಒಂದೇ: ಇವಳು ಮಾತಾಡದೆ ಸತ್ತರೆ ನನ್ನ ಗತಿಯೇನು? ಎದುರಿಗೆ ‘ಅತ್ತೆಮ್ಮ’ ಎನ್ನುತ್ತಿದ್ದೆ, ಮನಸ್ಸಿನಲ್ಲಿ ‘ಅವಳು’. ಈಗ ಬರೆಯುವಾಗ ಮನಸ್ಸಿನಲ್ಲಿದ್ದಂತೆಯೇ ಬರೆಯುತ್ತೇನೆ.

ಅದಕ್ಕೆ ಆರು ವರ್ಷ ಹಿಂದೆ, ಎಪ್ಪತ್ತರ ದಶಕದ ಕೊನೆಯಲ್ಲಿ, ಸ್ಕೂಲ್ ಮೇಡಮ್ ಆಗುವ ಟ್ರೈನಿಂಗ್ ಮುಗಿಸಿ ಹಂದನಕೆರೆ ಕಡೆಯ ಈ ತೆಂಗಿನ ತೋಟದ ಮನೆಗೆ ಸೊಸೆಯಾಗಿ ಬಂದಿದ್ದೆ. ಮರುವರ್ಷದ ಹೊತ್ತಿಗೆ ಮಗಳು ಹುಟ್ಟಿ ಮೂರು ತಿಂಗಳಾಗಿತ್ತು. ಸ್ಕೂಲಿನ ಕೆಲಸದ ಆರ್ಡರು ಇವತ್ತು ಬರುತ್ತೆ, ನಾಳೆ ಬರುತ್ತೆ ಎಂದು ಕಾಯುತ್ತಿದ್ದೆ. ಒಂದು ಬೆಳಿಗ್ಗೆ ನೀರೊಲೆಗೆ ಗರಿ ತುರುಕಲು ಹೋದರೆ ಬೂದಿಯಲ್ಲಿ ಖಾಕಿ ಕವರಿನ ಮೂಲೆ. ಸರ್ಕಾರದ ಮೊಹರು ಅರ್ಧ ಉಳಿದಿತ್ತು, ನನ್ನ ಹೆಸರಿನ ಮೊದಲ ಅಕ್ಷರ ಉಳಿದಿತ್ತು. ಮುಟ್ಟಿದೊಡನೆ ಪುಡಿಯಾಯಿತು. ನಾನು ಎದೆ ಬಡಿದುಕೊಂಡು ಕೂಗಾಡಿದೆ. ಅವಳು ನಿಧಾನವಾಗಿ ಮೊರ ಕೆಳಗಿಟ್ಟು ಮಗನ ಕಡೆ ತಿರುಗಿದಳು.

“ಯಾವ ಕಾಗ್ದವೂ ಬಂದಿಲ್ಲ. ಹೆತ್ತ ಮ್ಯಾಲೆ ಇವಳ ತಲೆ ಸರಿ ಇಲ್ಲ ಕಣಪ್ಪ.”

ನನ್ನ ಗಂಡ ಅವ್ವನ ಮುಖ ನೋಡಿದ, ನನ್ನ ಮುಖ ನೋಡಿದ, ಅವ್ವನನ್ನು ನಂಬಿದ. ಅಂಚೆಯವನನ್ನು ಕೇಳಿದರೆ, “ದಿನಕ್ಕೆ ಎಷ್ಟೋ ಕಾಗ್ದ ಕೊಡ್ತೀನಿ, ಜ್ಞಾಪಕ ಇಲ್ಲ ಕಣವ್ವ,” ಎಂದ. ಆ ಸಂಜೆ ಅವಳು ನನ್ನನ್ನು ಪಡಸಾಲೆಯಲ್ಲಿ ಎಲ್ಲರೆದುರು ಕೂರಿಸಿ, ನೆತ್ತಿಗೆ ನಿಂಬೆಹಣ್ಣಿನ ಹೋಳು ತಿಕ್ಕಿದಳು. ಹುಚ್ಚು ಇಳಿಸಲು. “ನನ್ ತಲೆ ಸರಿ ಐತೆ ಅತ್ತೆಮ್ಮ,” ಎಂದು ಕೂಗಿದೆ. ಕೂಗಿದಷ್ಟೂ ಜೋರಾಗಿ ತಿಕ್ಕಿದಳು. ರಸ ಕಣ್ಣಿಗೆ ಇಳಿಯಿತು. ಒಂಬತ್ತು ದಿನ ಹೀಗೆ. ಆಮೇಲೆ ನಾನು ಏನು ಹೇಳಿದರೂ ಜನ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು. ಇನ್ನೊಂದು ಅರ್ಜಿ ಹಾಕುತ್ತೇನೆಂದರೆ ಗಂಡ, “ಮೊದ್ಲು ತಲೆ ಸರಿ ಮಾಡ್ಕೋ,” ಎಂದ. ಕಾಗದ ಬಂದಿತ್ತು ಎಂದು ಹೇಳಬಲ್ಲ ಬಾಯಿ ಭೂಮಿಯ ಮೇಲೆ ಒಂದೇ ಇತ್ತು. ಅದೇ ಈಗ ಸೊಟ್ಟಗಾಗಿ ಕೂತಿತ್ತು.

ತಿಪಟೂರಿನ ಡಾಕ್ಟರ ಹತ್ತಿರ ಅವಳನ್ನು ಕರೆದುಕೊಂಡು ಹೋದವಳು ನಾನೇ. ಗಂಡನಿಗೆ ಅವತ್ತು ಕೊಬ್ಬರಿ ಮಂಡಿಯಲ್ಲಿ ಕೆಲಸ. ಡಾಕ್ಟರು ನನ್ನೊಬ್ಬಳಿಗೇ ಹೇಳಿದರು. “ಮಿದುಳಿನ ಎಡಗಡೆ ಮಾತಿನ ಜಾಗಕ್ಕೆ ಪೆಟ್ಟಾಗಿದೆ. ಮಾತು ಹೋಗಿದೆ ಕಣಮ್ಮ, ಬುದ್ಧಿ ಹೋಗಿಲ್ಲ. ನಾವಾಡೋದೆಲ್ಲ ಇವರಿಗೆ ತಿಳಿಯುತ್ತೆ. ದಿನಾ ಮಾತಾಡಿಸಿ. ಚೆನ್ನಾಗಿ ಉಳಿದಿರೋ ಭಾಗ ನಿಧಾನವಾಗಿ ಆ ಕೆಲಸ ಕಲಿಯುತ್ತೆ. ಸುಮ್ಮನೆ ಬಿಟ್ಟರೆ ಅದೂ ಕಲಿಯಲ್ಲ.”

ಬುದ್ಧಿ ಹೋಗಿಲ್ಲ ಎಂದು ಕೇಳಿ ನನಗಾದ ಸಂತೋಷ ಅಷ್ಟಿಷ್ಟಲ್ಲ. ಬುದ್ಧಿ ಇಲ್ಲದವಳ ಮೇಲೆ ಸೇಡು ತೀರಿಸಿಕೊಂಡು ಏನು ಸುಖ?

ಎರಡು ತಿಂಗಳು ಮಾತಾಡಿಸಿದೆ. ‘ಆ’ ಬಿಟ್ಟರೆ ಬೇರೆ ಬರಲಿಲ್ಲ. ಒಂದು ಮಧ್ಯಾಹ್ನ ಸೇರಿನಲ್ಲಿ ರಾಗಿ ಅಳೆಯುತ್ತಿದ್ದೆ. ನಮ್ಮ ಕಡೆ ಅಳೆಯುವಾಗ ಮೊದಲನೆಯದಕ್ಕೆ ಒಂದು ಎನ್ನುವುದಿಲ್ಲ, ‘ಲಾಭ’ ಎನ್ನುತ್ತೇವೆ. ಮೊದಲ ಸೇರು ಸುರಿದು “ಲಾಭ” ಎಂದೆ. ಹಿಂದಿನಿಂದ “ಎರಡು” ಎಂದಿತು ದನಿ. ಸೇರು ಕೈಜಾರಿತು. ಮತ್ತೆ ಸುರಿದೆ. “ಮೂರು.” ಹನ್ನೆರಡರ ತನಕ ಎಲ್ಲೂ ತಡವರಿಸಲಿಲ್ಲ. “ನೀರು ಬೇಕಾ?” ಎಂದರೆ ಮಾತ್ರ ಮತ್ತೆ ಅದೇ ‘ಆ’.

ಡಾಕ್ಟರಿಗೆ ಹೇಳಿದರೆ ನಕ್ಕರು. ಬಾಯಿಪಾಠವಾದ ಎಣಿಕೆ, ಹಾಡು, ಬೈಗುಳ ಎಷ್ಟೋ ಸಲ ಉಳಿದುಕೊಳ್ಳುತ್ತವಂತೆ. ಅದನ್ನೇ ಹಿಡಿದುಕೊಂಡು ಮುಂದಕ್ಕೆ ಹೋಗಿ ಎಂದರು. ನಾನು ಟ್ರೈನಿಂಗ್ ಆದವಳು, ಪಾಠ ಮಾಡುವುದು ನನಗೆ ಹೇಳಿಕೊಡಬೇಕೆ? ಅವಳ ಮುಂದೆ ತೆಂಗಿನಕಾಯಿ ಜೋಡಿಸಿ, ಲಾಭ ಕಾಯಿ, ಎರಡು ಕಾಯಿ, ಮೂರು ಕಾಯಿ. ಲೆಕ್ಕದ ಬಾಲಕ್ಕೆ ಮಾತು ಕಟ್ಟಿದೆ. ಕಾಯಿ ಬಂದ ಮೇಲೆ ನೀರು, ನೀರಾದ ಮೇಲೆ ಕಾಪಿ. ಲೋಟವನ್ನು ಅವಳ ಮೂಗಿನ ಮುಂದೆ ಹಿಡಿದು, “ಕಾಪಿ” ಎನ್ನುವವರೆಗೂ ಕೊಡುತ್ತಿರಲಿಲ್ಲ. ಎಷ್ಟೋ ದಿನ ಅದು ಆರಿ ಕೆನೆಗಟ್ಟಿದ್ದುಂಟು. ಇದರಲ್ಲಿ ಡಾಕ್ಟರ ಸಲಹೆ ಎಷ್ಟು, ನನ್ನ ಹೊಟ್ಟೆಯುರಿ ಎಷ್ಟು ಎಂದು ಕೇಳಬೇಡಿ. ಒಮ್ಮೆ ರೇಗಿ, “ಹಾಳಾದೋಳೆ!” ಎಂದು ನನ್ನನ್ನು ಸ್ಪಷ್ಟವಾಗಿ ಬೈದಳು. ಪರೀಕ್ಷೆ ಪಾಸಾದಷ್ಟು ಖುಷಿಪಟ್ಟೆ.

ಆಮೇಲೆ ನನಗೆ ಬೇಕಾದ ಪಾಠ ಶುರುಮಾಡಿದೆ. ಕಾಗದ, ಬಂತು, ಒಲೆ, ಹಾಕ್ದೆ. ಮೊದಲ ದಿನವೇ ಅವಳಿಗೆ ಅರ್ಥವಾಯಿತು. ‘ಕಾಗದ’ ಎಂದೊಡನೆ ಗೋಡೆ ಕಡೆ ತಿರುಗಿಕೊಂಡಳು. ನಾನು ಆ ಕಡೆ ಹೋಗಿ ಕೂತೆ. ಎಂಟು ತಿಂಗಳು ದಿನವೂ ಊಟವಾದ ಮೇಲೆ, ಅವಳು ಯಾವ ಗೋಡೆ ಕಡೆ ತಿರುಗಿದರೆ ಆ ಗೋಡೆಗೆ ಒರಗಿ ಕೂತು ಅದೇ ನಾಲ್ಕು ಮಾತು ಹೇಳಿದೆ. ಒಮ್ಮೆಯೂ ಅವಳು ಹೇಳಲಿಲ್ಲ.

ಗೌರಿ ಹಬ್ಬಕ್ಕೆ ನಾದಿನಿ ಬಂದಳು, ನೆಂಟರೂ ಸೇರಿದ್ದರು. ಸೊಸೆ ಮಾತು ಕಲಿಸಿದ್ದಾಳಂತೆ, ಏನಾದರೂ ಹೇಳಿಸು ಎಂದರು. ಪಡಸಾಲೆಯ ನಡುವೆ ಕೂತಿದ್ದ ಅವಳು ನನ್ನನ್ನೇ ದಿಟ್ಟಿಸಿದಳು. ಎಡಗೈ ಬೆರಳು ಮಡಿಸತೊಡಗಿದಳು.

“ಲಾಭ. ಎರಡು. ಮೂರು... ಕಾಗ್ದ. ಬಂತು. ಒಲೆ. ಹಾಕ್ದೆ.”

ಹೆದರಿ ಹೇಳಿದಳೋ, ನಾನು ಉಣ್ಣಿಸಿ ಮೀಯಿಸಿದ್ದಕ್ಕೆ ಹೇಳಿದಳೋ, ನನಗೆ ಇವತ್ತಿಗೂ ತಿಳಿಯದು. ನೆಂಟರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ನನ್ನ ಗಂಡ ತಲೆ ತಗ್ಗಿಸಿಕೊಂಡು, “ಅವ್ವನ ತಲೆ ಸರಿ ಇಲ್ಲ ಬುಡಿ,” ಎಂದ. ಎಲ್ಲರಿಗೂ ಹಗುರವಾಯಿತು. “ಪಾಪ, ಏನೇನೋ ಅಂತೈತೆ. ಅತ್ತಿಗೆ, ಒಂದು ನಿಂಬೆಹಣ್ಣಾದ್ರೂ ತಿಕ್ರೀ,” ಎಂದಳು ನಾದಿನಿ.

ಮಾತು ಹೋಗಿದೆ, ಬುದ್ಧಿ ಹೋಗಿಲ್ಲ. ಡಾಕ್ಟರ ಆ ಒಂದು ಮಾತನ್ನು ನಾನು ಅಲ್ಲಿ ಹೇಳಿದ್ದರೆ ಸಾಕಿತ್ತು. ಅವಳ ತಲೆ ಸರಿ ಇದ್ದರೆ ಕಾಗದವೂ ನಿಜ, ನನ್ನ ತಲೆಯೂ ಸರಿ. ನಾನು ಎಂಟು ತಿಂಗಳು ಕಾದದ್ದು ಅದಕ್ಕೇ. ಆದರೆ ಅವಳ ಕಣ್ಣು ನೋಡಿದೆ. ಪಡಸಾಲೆಯಲ್ಲಿ ಕೂತು ನಿಜ ಹೇಳಿ, ಯಾರೂ ನಂಬದೆ ಹೋದಾಗ ಹೇಗಿರುತ್ತದೆಂದು ಅವಳಿಗೆ ಆಗ ತಿಳಿಯುತ್ತಿತ್ತು. ಅದನ್ನು ಅಷ್ಟು ಬೇಗ ನಿಲ್ಲಿಸಲು ನನಗೆ ಮನಸ್ಸಾಗಲಿಲ್ಲ. ಹಿತ್ತಿಲಿಗೆ ಹೋಗಿ ಹಣ್ಣು ಕಿತ್ತು ತಂದು, ಹೋಳು ಮಾಡಿದೆ.

ಅವಳು ಹೋಳು ನೋಡಿದಳು, ನನ್ನನ್ನು ನೋಡಿದಳು. “ತಲೆ... ಸರಿ... ಐತೆ,” ಎಂದಳು.

ಎಣಿಕೆಯ ಆಸರೆಯಿಲ್ಲದೆ ಅವಳು ತಾನಾಗಿ ಆಡಿದ ಮೊದಲ ವಾಕ್ಯ ಅದು. ನಾನು ಹೇಳಿಕೊಟ್ಟದ್ದಲ್ಲ. ರಸ ಕಣ್ಣಿಗೆ ಇಳಿಯುವವರೆಗೂ ತಿಕ್ಕಿದೆ.