ಅಧ್ಯಕ್ಷರು ಆಡದ ಮಾತು

ವಾಸಣ್ಣ, ಹಸನಬ್ಬನವರು ‘ಇಲ್ಲ’ ಅನ್ನಲಿಲ್ಲ. ನಿಮ್ಮ ಮಾತು ಅವರ ಕಿವಿಗೆ ಬಿದ್ದಿರಲೇ ಇಲ್ಲ. “ಈ ಸಲ ಆಗುವುದಿಲ್ಲ ಅಂದರು ಅಧ್ಯಕ್ಷರು” ಎಂದು ಗಲ್ಫಿನಲ್ಲಿ, ಅಬ್ಕೈಕ್‌ನ ಕ್ಯಾಂಪಿನಲ್ಲಿ ನಿಮ್ಮ ಮುಖ ನೋಡಿ ಹೇಳಿದೆನಲ್ಲ — ಆ ಅಪ್ಪಣೆ ಹೊರಟದ್ದು ನನ್ನ ಬಾಯಿಂದ, ಹುಟ್ಟಿದ್ದೂ ಅಲ್ಲಿಯೇ.

ನಾನು ಯಾರು, ಯಾವ ಅಧಿಕಾರದಿಂದ ಹಾಗೆ ಹೇಳಿದೆ ಎಂಬುದನ್ನು ಸ್ವಲ್ಪ ವಿವರಿಸಬೇಕು. ನಮ್ಮ ಕ್ಯಾಂಪಿನ ಕನ್ನಡ ಸಂಘಕ್ಕೆ ಬೋರ್ಡಿಲ್ಲ, ಮೊಹರಿಲ್ಲ, ಸರಕಾರದ ಪುಸ್ತಕದಲ್ಲಿ ಹೆಸರಿಲ್ಲ. ಅಧ್ಯಕ್ಷರು ಮಾತ್ರ ಇದ್ದರು — ಹಸನಬ್ಬನವರು. ಹಗಲು ಕ್ರೇನ್ ಫೋರ್‌ಮನ್, ಶುಕ್ರವಾರ ಊಟದ ಮೇಲೆ ಅಧ್ಯಕ್ಷ. ಮೆಸ್ಸಿನ ಮೂಲೆಯ ಕುರ್ಚಿಯಲ್ಲಿ ಕುಳಿತು ಕರಾವಳಿಯ ಎಲ್ಲ ಜಾತಿಯ ದುಃಖಗಳನ್ನೂ ಸಮಾನವಾಗಿ ಆಲಿಸುತ್ತಿದ್ದರು. ಟೈಮ್‌ಕೀಪರ್ ಆಗಿದ್ದ ನಾನು ಅವರ ಪಕ್ಕದವನು. ಯಾರು ಮೊದಲು, ಯಾರು ಮುಂದಿನ ವಾರ, ಯಾರ ಗೋಳು ಅಧ್ಯಕ್ಷರ ತನಕ ಹೋಗಬೇಕಾದ್ದೇ ಇಲ್ಲ — ಇವೆಲ್ಲ ನನ್ನ ತೀರ್ಮಾನ. ಯಾರೂ ಕೊಡದ ಹುದ್ದೆ. ಆದ್ದರಿಂದ ಯಾರೂ ಕಿತ್ತುಕೊಳ್ಳುವಂತೆಯೂ ಇರಲಿಲ್ಲ. ಒಬ್ಬ ಅಮೆರಿಕನ್ ಇಂಜಿನಿಯರು ಇದನ್ನೆಲ್ಲ ನೋಡಿ ನಕ್ಕು, ತಮ್ಮ ದೇಶದ ಅಧ್ಯಕ್ಷರ ಬಳಿಯೂ ಇಂಥವನೊಬ್ಬ ಇರುತ್ತಾನೆ, ಚೀಫ್ ಆಫ್ ಸ್ಟಾಫ್ ಅನ್ನುತ್ತಾರೆ ಎಂದ. ಅವನು ತಮಾಷೆ ಮಾಡಿದ. ನಾನು ನೇಮಕಾತಿ ಎಂದು ತಿಳಿದೆ. ಅಂದಿನಿಂದ ಇಸ್ತ್ರಿ ಹಾಕಿದ ಅಂಗಿ ತೊಟ್ಟು ಕೂರತೊಡಗಿದೆ.

ಆ ಕುರ್ಚಿಯ ನಿಜವಾದ ಬಲ ಕಫೀಲನ ಮನೆಯಲ್ಲಿತ್ತು. ನಮ್ಮನ್ನೆಲ್ಲ ಕರೆಸಿಕೊಂಡ ಆ ಮುದುಕ ಅರಬರ ಕೈಯಲ್ಲೇ ನಮ್ಮ ಪಾಸ್‌ಪೋರ್ಟುಗಳು. ಅವರ ಸಹಿ ಇಲ್ಲದೆ ಊರಿಗೆ ಹೋಗುವ ಮಾತಿಲ್ಲ. ಹಸನಬ್ಬನವರ ಮೇಲೆ ಅವರಿಗೆ ವಿಶ್ವಾಸ. ಅಲ್ಲಿನ ಒಂದು ಪದ್ಧತಿ ನಿಮಗೂ ಗೊತ್ತು: ಬೇಡಿಕೆ ಇಟ್ಟುಕೊಂಡು ಬಂದ ಅತಿಥಿ, ಕೊಟ್ಟ ಕಾಫಿಯನ್ನು ಕುಡಿಯದೆ ಮುಂದೆ ಇಡುತ್ತಾನೆ. ಮನೆಯ ಯಜಮಾನ “ಕುಡಿ, ನಿನ್ನ ಕೆಲಸ ಆಯಿತು” ಎಂದ ಮೇಲೆಯೇ ಬಟ್ಟಲು ತುಟಿಗೆ. ಅತಿಥಿಯ ಕಾಫಿ ಆರಿಹೋದರೆ ಮನೆಗೇ ಅವಮಾನ. ಆದರೆ ಒಂದು ಬಟ್ಟಲಿಗೆ ಒಂದೇ ಬೇಡಿಕೆ. ಮತ್ತೆ ಕೆಲವು ತಿಂಗಳು ಸುಮ್ಮನಿರಬೇಕು. ಮಾನದ ಮೇಲೆ ಮಾನ ಕೇಳಿದರೆ ಅದು ಭಿಕ್ಷೆಯಾಗುತ್ತದೆ ಎನ್ನುತ್ತಿದ್ದರು ಹಸನಬ್ಬ.

ಆ ಶುಕ್ರವಾರ ನೀವು ತಟ್ಟೆ ತೊಳೆಯುವ ನಲ್ಲಿಯ ಹತ್ತಿರ ನನ್ನನ್ನು ಹಿಡಿದಿರಿ. ವೆಲ್ಡಿಂಗಿನ ಕಿಡಿ ತಾಗಿ ನಿಮ್ಮ ಕೈಯ ರೋಮವೆಲ್ಲ ಸುಟ್ಟಿತ್ತು.

“ಶ್ರೀಧರ, ಮಗಳ ಮದುವೆ ನಿಶ್ಚಯ ಆಯ್ತು ಮಾರಾಯ. ಹಸನನ ಹತ್ರ ಹೇಳು, ನನ್ನ ರಜೆಗೆ ಕಫೀಲನ ಕಿವಿಗೆ ಒಂದು ಮಾತು ಹಾಕಲಿಕ್ಕೆ.”

“ನೀವೇ ಹೇಳಿ ವಾಸಣ್ಣ. ಒಂದೇ ಬೆಂಚಿನಲ್ಲಿ ಕೂತು ಪೆಟ್ಟು ತಿಂದವರು.”

“ಅದಕ್ಕೇ ಹೇಳುವುದಿಲ್ಲ. ನಾನು ಕೇಳಿದರೆ ಅವನಿಗೆ ಇಲ್ಲ ಅನ್ನಲಿಕ್ಕೆ ಬಾಯಿ ಬರುವುದಿಲ್ಲ, ಪಾಪ. ನೀನು ಕೇಳಿದರೆ ಇಲ್ಲ ಅನ್ನಲಿಕ್ಕೂ ಅವನಿಗೆ ಸುಲಭ.”

ಗೆಳೆಯನಿಗೆ ಸಂಕೋಚವಾಗಬಾರದೆಂದು ನೀವು ನನ್ನನ್ನು ನಡುವೆ ನಿಲ್ಲಿಸಿದಿರಿ. ನಾನು ನಿಂತೆ. ನಿಂತಲ್ಲಿಂದ ಜಗ್ಗಲೇ ಇಲ್ಲ.

ಏಕೆಂದರೆ ಅದೇ ವಾರ ಊರಲ್ಲಿ ನನಗೊಂದು ಹುಡುಗಿ ನೋಡಿದ್ದರು. ಮದುವೆಯಲ್ಲ, ನಿಶ್ಚಯವೂ ಅಲ್ಲ — ಬರೇ ನೋಡುವುದು, ಉಪ್ಪಿಟ್ಟು ತಿನ್ನುವುದು. ಆರು ತಿಂಗಳು ಕಾಯಬಹುದಿತ್ತು. ನಾನು ಕಾಯಲಿಲ್ಲ. ನನ್ನ ರಜೆಯ ವಿಷಯ ಎತ್ತಿದಾಗ ಹಸನಬ್ಬನವರು ಒಂದೇ ಪ್ರಶ್ನೆ ಕೇಳಿದರು:

“ಬೇರೆ ಯಾರಿಗಾದರೂ ನಿನಗಿಂತ ಹೆಚ್ಚು ಅರ್ಜೆಂಟ್ ಉಂಟಾ?”

“ಯಾರಿಗೂ ಇಲ್ಲ.”

ಅಷ್ಟೇ. ಅವರು ಕಫೀಲನ ಮನೆಗೆ ಹೋಗಿ, ನನಗಾಗಿ ಬಟ್ಟಲನ್ನು ಮುಂದಿಟ್ಟು ಕೂತರು. ಅದು ನಿಮ್ಮ ಬಟ್ಟಲು, ವಾಸಣ್ಣ. ನಿಮಗೆ ನಾನು ಹೇಳಿದ್ದು ಮೊದಲೇ ಬರೆದಿದ್ದೇನೆ. ನೀವು “ಹೌದಾ” ಎಂದಿರಿ. ಆಮೇಲೆ, “ಅವನಿಗೂ ಎಂತದೋ ಕಷ್ಟ ಇರಬಹುದು” ಎಂದಿರಿ. ಬೈದಿದ್ದರೆ — ಬೇಡ, ಅದನ್ನು ನಿಮ್ಮ ತಲೆಗೆ ಕಟ್ಟುವುದಿಲ್ಲ.

ಹುಡುಗಿ ನನ್ನನ್ನು ಒಪ್ಪಲಿಲ್ಲ. ಅದನ್ನು ಶಿಕ್ಷೆ ಎಂದು ಬಗೆದು ಸಮಾಧಾನಪಟ್ಟುಕೊಳ್ಳಲು ಬಹಳ ಕಾಲ ಪ್ರಯತ್ನಿಸಿದೆ. ಶಿಕ್ಷೆಯೇನಲ್ಲ; ಆಕೆಗೆ ಬುದ್ಧಿ ಇತ್ತು.

ನಾನು ಹಿಂತಿರುಗುವಷ್ಟರಲ್ಲಿ ನಿಮ್ಮ ಮಗಳ ಮದುವೆ ಮುಗಿದಿತ್ತು. ಊರಿನಲ್ಲಿ ಧಾರೆಯ ಮುಹೂರ್ತದ ಹೊತ್ತಿಗೆ ನೀವು ಅಲ್ಲಿ ಮಿಂದು ಬಿಳಿ ಮುಂಡು ಉಟ್ಟು ಮೆಸ್ಸಿನಲ್ಲಿ ಕುಳಿತಿದ್ದಿರಂತೆ. ಗಡಿಯಾರ ನೋಡಿ, ಖಾಲಿ ಲೋಟಕ್ಕೆ ನೀರು ಎರೆದಿರಂತೆ. ಸುತ್ತ ನಿಂತವರು ತಮಾಷೆ ಮಾಡಬೇಕೆಂದು ಬಂದವರು, ಮಾಡಲಿಲ್ಲವಂತೆ. ಎಲ್ಲರಿಗೂ ಲಡ್ಡು ಹಂಚಿದಿರಿ. ಹಸನಬ್ಬನವರನ್ನು ಮಾತ್ರ ಕರೆಯಲಿಲ್ಲ.

“ವಾಸುವಿನ ಮಗಳಿಗೆ ಮದುವೆಯಂತೆ,” ಎಂದರು ಅವರು ನನ್ನೊಡನೆ. “ಯಾರೋ ಕೈಗೆ ಲಡ್ಡು ಕೊಟ್ಟ ಮೇಲೆ ಗೊತ್ತಾಯ್ತು. ತೊಟ್ಟಿಲಲ್ಲಿ ನೋಡಿದ ಮಗು ಮಾರಾಯ. ನಾನೆಂತ ತಪ್ಪು ಮಾಡಿದೆ ಅವನಿಗೆ?”

ಆಗ ಹೇಳಬಹುದಿತ್ತು. ಲಡ್ಡು ಇನ್ನೂ ಅವರ ಮೇಜಿನ ಮೇಲಿತ್ತು. ನಾನು, “ಕೆಲಸದ ಗಡಿಬಿಡಿ, ಮರೆತಿರಬೇಕು” ಎಂದೆ. ಮೊದಲಿನ ಸುಳ್ಳುಗಳಿಗೆ ಆಸೆ ಎಂಬ ಕಾರಣವಿತ್ತು. ಇದಕ್ಕೆ — ಇದನ್ನು ಹೇಳಿದಾಗ ನನಗೆ ಏನೂ ಬೇಕಾಗಿರಲಿಲ್ಲ, ನನ್ನ ಕುರ್ಚಿಯೊಂದನ್ನು ಬಿಟ್ಟು.

ಮುಂದೆ ನೀವು ದೂರದ ರಾಬಿಗ್‌ನ ಕ್ಯಾಂಪಿಗೆ ಹೋದಿರಿ. ಅವರು ಕೈಬಿಟ್ಟರೆಂದು ನೀವು, ನೀವು ದೂರವಿಟ್ಟಿರೆಂದು ಅವರು — ಇಬ್ಬರೂ ಸಭ್ಯರಾದ್ದರಿಂದ ಜಗಳ ಕೂಡ ಆಗಲಿಲ್ಲ. ಜಗಳವಾಗಿದ್ದರೆ ನಾನು ಸಿಕ್ಕಿಬೀಳುತ್ತಿದ್ದೆ.

ಇಷ್ಟು ವರ್ಷಗಳ ಮೇಲೆ, ಹೋದ ವಾರ ಉಳ್ಳಾಲದಲ್ಲಿ ಹಸನಬ್ಬನವರ ಮನೆಗೆ ಹೋಗಿದ್ದೆ. ಅವರ ಮೊಣಕಾಲು ಹೋಗಿದೆ, ಕಿವಿಯೂ ಮಂದ. ಆದ್ದರಿಂದ ನನ್ನ ಪಾಪವನ್ನು ಗಟ್ಟಿಯಾಗಿ, ಅಂಗಳಕ್ಕೆ ಕೇಳುವಂತೆ, ಎರಡು ಸಲ ಒಪ್ಪಿಕೊಳ್ಳಬೇಕಾಯಿತು. ಅವರ ಸೊಸೆ ಬಾಗಿಲಲ್ಲಿ ನಿಂತು ಕೇಳಿದಳು. ಬೈಗುಳಕ್ಕೆ ಸಿದ್ಧನಾಗಿ ತಲೆ ತಗ್ಗಿಸಿದೆ.

“ಅವನು ಕೇಳಿದ್ದನಾ?” ಎಂದರು.

“ಕೇಳಿದ್ದರು.”

“ನನ್ನ ಹತ್ರ ಕೇಳಬೇಕು ಅಂತಲೇ ಇದ್ದನಾ? ಮಗಳ ಮದುವೆಗೆ?”

“ಹೌದು. ನಿಮ್ಮನ್ನಲ್ಲದೆ ಬೇರೆ ಯಾರನ್ನೂ ಅಲ್ಲ.”

ಅವರ ಮುಖ ಅರಳಿತು, ವಾಸಣ್ಣ. ಕೋಪಕ್ಕೆ ಜಾಗವೇ ಇಲ್ಲದಷ್ಟು. ಸೊಸೆಯ ಕಡೆ ತಿರುಗಿ, “ನೋಡು, ವಾಸು ಮರೆತದ್ದಲ್ಲ” ಎಂದರು — ನಾನು ಅಲ್ಲಿ ಇರುವುದನ್ನೇ ಮರೆತು. ಬೈದಿದ್ದರೆ ಎದ್ದು ಬರುವುದು ಸುಲಭವಾಗುತ್ತಿತ್ತು.

ಅವರಿಗೆ ಈಗ ಪ್ರಯಾಣ ಆಗುವುದಿಲ್ಲ. ನೀವು ಹೋಗಿ. ಯಾರ ಮೂಲಕವೂ ಹೇಳಿಕಳುಹಿಸಬೇಡಿ, ಹೊತ್ತು ಗೊತ್ತು ಮಾಡಿಕೊಳ್ಳಬೇಡಿ; ನೇರ ಒಳಗೆ ಹೋಗಿ ಪಕ್ಕದಲ್ಲಿ ಕುಳಿತುಕೊಳ್ಳಿ. ಗಟ್ಟಿಯಾಗಿ ಮಾತಾಡಬೇಕು, ಅಷ್ಟೇ. ನನಗೆ ಕ್ಷಮೆ ಕೇಳುವ ಹಕ್ಕಿಲ್ಲ, ಕೇಳುವುದೂ ಇಲ್ಲ. ನೀವು ಹೋಗುವ ದಿನ ನಾನು ಅಲ್ಲಿರುವುದಿಲ್ಲ.