ಮಸ್ಕತ್ತಿಗೆ ಎಷ್ಟು ಬತ್ತಿ

ನಾನು ಬರೆದ ಪ್ರೋಗ್ರಾಮಿನಲ್ಲಿ ಎಲ್ಲರಿಗಿಂತ ಮೊದಲು ತಪ್ಪು ಹುಡುಕಿದವಳು ನನ್ನ ಸೋದರತ್ತೆ. ಅವಳು ಓದಿದ್ದು ಏಳನೆಯ ಇಯತ್ತೆ. ಕಂಪ್ಯೂಟರನ್ನು ಅವಳು ಎಂದೂ ಮುಟ್ಟಿದವಳಲ್ಲ. ಮಡಿಯಲ್ಲಿದ್ದಾಗ ಅದು ತನ್ನನ್ನು ಮುಟ್ಟದಂತೆಯೂ ನೋಡಿಕೊಳ್ಳುತ್ತಿದ್ದಳು.

ಅತ್ತೆ ನನ್ನ ಅಪ್ಪನ ಅಕ್ಕ. ಚಿಂಚೋಳಿಗೆ ಕೊಟ್ಟಿದ್ದರು. ಇಪ್ಪತ್ತಾರರ ವಯಸ್ಸಿಗೆ ಗಂಡ ತೀರಿಕೊಂಡ ಮೇಲೆ ಚಿತ್ತಾಪುರದ ನಮ್ಮ ಮನೆಗೆ ಬಂದವಳು ಅಲ್ಲೇ ಉಳಿದಳು. ಅವಳ ಕೆಲಸ ಹೂಬತ್ತಿ ಮಾಡುವುದು. ಬೆಳಿಗ್ಗೆ ಸ್ನಾನ ಮುಗಿಸಿ ಪಡಸಾಲೆಯ ಫರ್ಸಿಕಲ್ಲಿನ ನೆಲದ ಮೇಲೆ ಕೂತು, ಕಾಳಗಿಯಿಂದ ತರಿಸಿದ ಹತ್ತಿಯ ಬೀಜ ಬಿಡಿಸಿ, ಹಿಂಜಿ, ಬೆರಳಿಗೆ ಹಾಲು ಹಚ್ಚಿಕೊಂಡು ತುದಿ ಹೊಸೆದು ಕೆಳಗಿಟ್ಟರೆ ಬತ್ತಿ ನೆಟ್ಟಗೆ ನಿಲ್ಲುತ್ತಿತ್ತು. ನಾನು ಮಾಡಿದವು ಎಲ್ಲವೂ ಮಲಗುತ್ತಿದ್ದವು. ಕಾರ್ತಿಕ ಬಂತೆಂದರೆ ಓಣಿಯ ಹೆಂಗಸರೆಲ್ಲ ಬಟ್ಟಲು ಹಿಡಿದುಕೊಂಡು ಬಂದು, "ಒಂದೀಟು ಹೂಬತ್ತಿ ಕೊಡ್ರಿ" ಎನ್ನುವರು. ಅತ್ತೆ ಕೊಡುವಳು. ಎಷ್ಟಾಯಿತು ಎಂದು ಒಬ್ಬರಾದರೂ ಕೇಳಿದ್ದು ನನಗೆ ನೆನಪಿಲ್ಲ.

ಅಪ್ಪ ವಾಡಿಯಲ್ಲಿ ಆಫೀಸು ಕೆಲಸದಲ್ಲಿದ್ದ. ಅಕ್ಕನೆಂದರೆ ಅವನಿಗೆ ಜೀವ. ಆದರೆ ಮನೆಗೆ ಬಂದವರ ಮುಂದೆಲ್ಲ, "ಇರ್ಲಿ ಬಿಡ್ರಿ, ಆಕಿಗೂ ಹೊತ್ತು ಹೋಗಬೇಕಲ್ಲ" ಎನ್ನುತ್ತಿದ್ದ. ಆ ಮಾತು ಬಿದ್ದಾಗ ಅತ್ತೆಯ ಬೆರಳು ಕ್ಷಣ ನಿಂತು ಮತ್ತೆ ಓಡುತ್ತಿತ್ತು. ನಾನು ಚಿಕ್ಕವಳಿದ್ದಾಗಿನಿಂದ ಅದನ್ನು ನೋಡಿದ್ದೇನೆ.

ಹೊಸ ಶತಮಾನ ಹುಟ್ಟಿ ಐದಾರು ವರ್ಷವಾಗಿರಬೇಕು. ನಾನು ದಿನಾ ಪ್ಯಾಸೆಂಜರ್ ಗಾಡಿ ಹಿಡಿದು ಸೇಡಂಗೆ ಹೋಗಿ, ಅಲ್ಲಿನ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಪಾಠ ಹೇಳುತ್ತಿದ್ದೆ. ವೆಬ್‌ಸೈಟ್ ಮಾಡುವುದನ್ನು ಆಗತಾನೇ ಕಲಿತಿದ್ದೆ. ಕಲಿತದ್ದನ್ನು ಯಾರ ಮೇಲಾದರೂ ಪ್ರಯೋಗಿಸದಿದ್ದರೆ ಊಟ ಸೇರದ ವಯಸ್ಸು. ಅಂತರ್ಜಾಲದಲ್ಲಿ ಒಂದು ಅಂಗಡಿ ತೆರೆಯಬೇಕೆಂದುಕೊಂಡೆ. ಮಾರಲು ನನ್ನ ಹತ್ತಿರ ಏನೂ ಇರಲಿಲ್ಲ. ಮನೆಯಲ್ಲಿ ಅತ್ತೆಯ ಬತ್ತಿಗಳಿದ್ದವು.

ದೇವರ ಸಾಮಾನು ಮಾರುತ್ತೀಯಾ ಎಂದು ಬೈಯುತ್ತಾಳೆಂದು ಹೆದರಿಕೊಂಡೇ ಕೇಳಿದೆ. ಅತ್ತೆ ಹತ್ತಿ ಕೆಳಗಿಟ್ಟಳು.

"ಗುರ್ತು ಪರಿಚಯ ಇಲ್ಲದ ಮಂದಿ, ರೊಕ್ಕ ಕೊಟ್ಟು ತಗೋತಾರೇನು?"

"ತಗೋಬಹುದು, ಅತ್ತಿ."

"ಹಂಗಿದ್ರ ಹಾಕು. ಮೂವತ್ತು ವರ್ಷ ಆತು. ಇದಕ್ಕ ಏನರ ಕಿಮ್ಮತ್ತದೋ, ಇಲ್ಲಾ ನಿಮ್ಮಪ್ಪ ಅಂದಂಗ ಬರೇ ಹೊತ್ತು ಹೋಗೋದೋ, ಒಮ್ಮೆ ನೋಡೇಬಿಡೋಣು."

ಅಷ್ಟು ವರ್ಷ ಅವಳು ಆ ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದಳೆಂದು ನನಗೆ ಗೊತ್ತಾದದ್ದು ಅವತ್ತು. ಸಾವಿರ ಬತ್ತಿಯ ಪೊಟ್ಟಣ, ನೂರಾ ಒಂದು ರೂಪಾಯಿ. ಬೆಲೆ ಅವಳೇ ಹೇಳಿದಳು. ಹೇಳುವಾಗ ನಾಚಿಕೊಂಡಳು. ಹೈದರಾಬಾದಿನಿಂದ ಎರಡು, ಪುಣೆಯಿಂದ ಒಂದು ಬೇಡಿಕೆ ಬಂದವು. ವಿಳಾಸ ಓದಿ ಹೇಳಿದಾಗ ಅತ್ತೆ ಆ ಮೂರೂ ಮನೆಯವರ ಗೋತ್ರ ವಿಚಾರಿಸಿದಳು. ನನಗೆ ಹೇಗೆ ಗೊತ್ತಿರಬೇಕು?

ಆಮೇಲೆ ಮಸ್ಕತ್ತಿನಿಂದ ಒಂದು ಇ-ಮೇಲ್ ಬಂತು. ಬರೆದವರು ವಾಡಿಯಲ್ಲಿ ಹುಟ್ಟಿ, ಶಹಾಬಾದಿನಲ್ಲಿ ಓದಿ, ಮಸ್ಕತ್ತಿನ ಶಾಲೆಯೊಂದರಲ್ಲಿ ಟೀಚರಾಗಿದ್ದ ಹೆಂಗಸು. ಅವರ ಅತ್ತೆ, ಅಂದರೆ ಗಂಡನ ತಾಯಿ, ಲಕ್ಷಬತ್ತಿಯ ವ್ರತ ಹಿಡಿದಿದ್ದರಂತೆ. ಎಣಿಸಿ ಒಂದು ಲಕ್ಷ ಬತ್ತಿಯನ್ನು ದೇವರ ಮುಂದೆ ಉರಿಸಬೇಕು. "ನಮ್ಮ ರಿಯಾಲ್‌ದಾಗ ಎಷ್ಟು ಆಗತದ ಅಂತ ನಿಮ್ಮ ಅಂಗಡ್ಯಾಗೇ ಕಾಣಂಗ ಮಾಡ್ರಿ, ನಮ್ಮತ್ತಿಗೆ ತೋರಸಬೇಕು" ಎಂದು ಬರೆದಿದ್ದರು.

ನನಗೆ ರೆಕ್ಕೆ ಬಂದಂತಾಯಿತು. ನಾಲ್ಕು ದಿನ ಕೂತು ಹಣ ಬದಲಿಸುವ ಪಟ್ಟಿಯೊಂದನ್ನು ಸೇರಿಸಿದೆ. ರಿಯಾಲ್, ದಿರ್ಹಂ, ಡಾಲರ್, ಪೌಂಡ್. ಪತ್ರಿಕೆಯ ವಾಣಿಜ್ಯ ಪುಟ ನೋಡಿ ದಿನಾ ಬೆಳಿಗ್ಗೆ ಆ ದಿನದ ದರವನ್ನು ನಾನೇ ತುಂಬುವುದು. ಗಿರಾಕಿ ತನ್ನ ದೇಶ ಆರಿಸಿಕೊಂಡರೆ ನೂರಾ ಒಂದು ರೂಪಾಯಿ ಆ ದೇಶದ ಹಣವಾಗಿ ಕಾಣುವುದು. ಎಲ್ಲ ಸರಿಯಾದ ಮೇಲೆ ಅತ್ತೆಯನ್ನು ಕರೆದು, ಎರಡು ಮಾರು ದೂರ ನಿಲ್ಲಿಸಿ, ಮಸ್ಕತ್ತು ಇರುವ ಒಮಾನ್ ದೇಶ ಒತ್ತಿದೆ.

ಪರದೆಯ ಮೇಲೆ 0.860 ಎಂದು ಬಂತು.

ಅತ್ತೆ ಕನ್ನಡಕ ತೆಗೆದು, ಸೆರಗಿನಿಂದ ಒರೆಸಿ, ಹಾಕಿಕೊಂಡು ಮತ್ತೆ ನೋಡಿದಳು.

"ಮೊದಲಿಗಿರೋದು ಸೊನ್ನಿ ಏನು?"

"ಹೂಂ. ಅವರ ಒಂದು ರಿಯಾಲ್ ಅಂದ್ರ ನಮ್ಮ ನೂರಾ ಹದಿನೇಳು ರೂಪಾಯಿ ಚಿಲ್ರಿ ಅತ್ತಿ, ಅದಕ್ಕ..."

"ಲೆಕ್ಕ ನನಗ ತಿಳೀತದವಾ. ನನ್ನ ಸಾವಿರ ಬತ್ತಿಗೆ ಅಲ್ಲಿ ಒಂದೂ ಇಲ್ಲ. ಆ ಹಿರ್ಯಾಕಿ ಕಣ್ಣಿಗೆ ಮೊದಲು ಬೀಳೋದು ಸೊನ್ನಿ." ಅಷ್ಟು ಹೇಳಿ ಒಳಗೆ ಹೋದಳು.

ಮರುದಿನ ಅವಳು ಹತ್ತಿ ಮುಟ್ಟಲಿಲ್ಲ. ಅದರ ಮರುದಿನವೂ ಇಲ್ಲ. ಸ್ನಾನ ಮಾಡಿ ಬಂದು ಬರಿಗೈಯಲ್ಲಿ ಫರ್ಸಿಯ ಮೇಲೆ ಕೂತಿರುತ್ತಿದ್ದಳು. ಹಾಗೆ ಕೂತವಳನ್ನು ನೋಡುವುದು ನನ್ನಿಂದ ಆಗುತ್ತಿರಲಿಲ್ಲ. ನಾನು ಜಾಣತನ ಮಾಡಲು ಹೋದೆ. ಒಂದು ರಿಯಾಲಿಗೆ ಸಾವಿರ ಬೈಸಾ, ಬೆಲೆಯನ್ನು ಬೈಸಾದಲ್ಲಿ ತೋರಿಸಿ, "ನೋಡತ್ತಿ, ಎಂಟನೂರಾ ಅರವತ್ತು!" ಎಂದೆ. ಅವಳು ನಕ್ಕಳು, ಖುಷಿಯಿಂದಲ್ಲ. "ಪೈಸಾ ಎಣಿಸಿ ನನಗ ಸಮಾಧಾನ ಮಾಡ್ಲಿಕತ್ತೀಯೇನು? ನಾ ಏನು ಕೂಸೇ?"

ಆಗ ಅಪ್ಪ ಪತ್ರಿಕೆಯಿಂದ ತಲೆ ಎತ್ತದೆ, "ಬಿಡು, ಇಷ್ಟು ದಿನ ಹೊತ್ತಾದ್ರೂ ಹೋಗತಿತ್ತು" ಎಂದ. ನನಗೆ ಸಿಟ್ಟು ನೆತ್ತಿಗೇರಿತು. "ಅಪ್ಪಾ, ಇನ್ನೊಂದು ಸರ್ತಿ ಹೊತ್ತು ಅಂದ್ರ ನೋಡು" ಎಂದು ಅರಚಿದೆ. ಅಪ್ಪ ನಿಜಕ್ಕೂ ಕಕ್ಕಾಬಿಕ್ಕಿಯಾದ. ತಾನೇನು ಅಂದೆನೆಂಬುದೇ ಪಾಪ ಅವನಿಗೆ ಗೊತ್ತಿರಲಿಲ್ಲ.

ಐದನೆಯ ದಿನ ನಾನು ಗಾಡಿಗೆ ಓಡುವಾಗ ಅತ್ತೆ ಬಾಗಿಲಲ್ಲಿ ಅಡ್ಡ ನಿಂತಳು.

"ಸವ್ವಾ ಇಡು."

ನಮ್ಮ ಕಡೆ ಒಳ್ಳೆಯ ಕೆಲಸಕ್ಕೆ, ದೇವರ ಮುಂದೆ, ಬರಿಯ ಒಂದು ರೂಪಾಯಿ ಇಡುವುದಿಲ್ಲ. ಒಂದೂಕಾಲು ಇಡುತ್ತಾರೆ, ಅದೇ ಸವ್ವಾ. ನಾಲ್ಕಾಣೆ ಸಿಗುವುದು ಕಷ್ಟವಾಗಿದ್ದ ಆ ದಿನಗಳಲ್ಲೂ ಅತ್ತೆ ಅದಕ್ಕೆಂದೇ ಒಂದು ಡಬ್ಬಿ ತುಂಬ ನಾಲ್ಕಾಣೆ ಕೂಡಿಟ್ಟಿದ್ದಳು.

"ಯಾವ ದೇಶದಾಗಿರಲಿ, ಅವರ ರೊಕ್ಕದಾಗ ಸವ್ವಾ. ಒಂದೂಕಾಲು."

"ಅತ್ತಿ, ಹಂಗ ಮಾಡಿದ್ರ ಡಾಲರ್‌ನವರಿಗೆ ಅಗ್ಗ, ರಿಯಾಲ್‌ನವರಿಗೆ ತುಟ್ಟಿ. ಮೋಸ ಆಗತದ."

"ಯಾಕ ಆಗತದ? ರೊಕ್ಕ ಯಾಕ ಬದಲಸ್ತಿ? ಬತ್ತಿ ಬದಲಸು. ರಿಯಾಲ್ ದೊಡ್ಡದು, ಬತ್ತಿ ಹೆಚ್ಚು ಕೊಡು. ಡಾಲರ್ ಸಣ್ಣದು, ಕಡಿಮಿ ಕೊಡು. ರೊಕ್ಕ ಅವರದು, ನಮ್ಮ ಮಾತು ಕೇಳಂಗಿಲ್ಲ. ಬತ್ತಿ ನನ್ನವು."

ನನ್ನ ಗಾಡಿ ತಪ್ಪಿತು. ಸೇಡಂನ ಮಕ್ಕಳು ಅವತ್ತು ಪಾಠವಿಲ್ಲದೆ ಮನೆಗೆ ಹೋದರು. ಪುಸ್ತಕಗಳಲ್ಲಿದ್ದ ಯಾವ ಅಂಗಡಿಯೂ ಹೀಗೆ ಮಾಡಿರಲಿಲ್ಲ. ಬೆಲೆ ಅಲ್ಲಾಡದೆ ನಿಂತು ಸರಕು ಹಿಗ್ಗಿ ಕುಗ್ಗುವ ಅಂಗಡಿ. ಆದರೆ ಬರೆಯಲು ಕೂತರೆ ಬದಲಾಗಬೇಕಿದ್ದದ್ದು ನಾಲ್ಕೇ ಸಾಲು. ಸಂಜೆಯೊಳಗೆ ಒಮಾನ್ ಒತ್ತಿದರೆ ಒಂದೂಕಾಲು ರಿಯಾಲಿಗೆ ಸಾವಿರದ ನಾನೂರಾ ಐವತ್ಮೂರು ಬತ್ತಿ, ಅಮೆರಿಕ ಒತ್ತಿದರೆ ಒಂದೂಕಾಲು ಡಾಲರಿಗೆ ಐನೂರಾ ಚಿಲ್ಲರೆ. ಅಂಚೆ ಖರ್ಚು ಬೇರೆ. ಅತ್ತೆ ದೂರದಿಂದಲೇ ಓದಿ, ಹತ್ತಿಯ ಬುಟ್ಟಿ ಎಳೆದುಕೊಂಡಳು. ನನಗೆ ಅವಳನ್ನು ಎತ್ತಿ ಕುಣಿಸಬೇಕೆನಿಸಿತು. ಮಡಿಯಲ್ಲಿದ್ದಳು, ಹಾಗಾಗಿ ಸುಮ್ಮನಿದ್ದೆ.

ದರ ದಿನಾ ಬದಲಾಗುತ್ತಿತ್ತಲ್ಲ, ಬತ್ತಿಯ ಲೆಕ್ಕವೂ ದಿನಾ ಬದಲಾಗುತ್ತಿತ್ತು. ಬೆಳಿಗ್ಗೆ ನಾನು ಪತ್ರಿಕೆ ಬಿಚ್ಚುವುದೇ ತಡ, ಒಳಗಿನಿಂದ ಕೂಗು: "ಇವತ್ತು ಮಸ್ಕತ್ತಿಗೆ ಎಷ್ಟು?" ಒಂದು ದಿನ ನಾನಿನ್ನೂ ಹಾಸಿಗೆಯಲ್ಲಿದ್ದಾಗ ಆ ಕೂಗಿಗೆ ಉತ್ತರ ಕೊಟ್ಟವನು ಅಪ್ಪ. ವಾಣಿಜ್ಯ ಪುಟವನ್ನು ಜನ್ಮದಲ್ಲಿ ಓದದವನು ಬೆರಳಿಟ್ಟು ಹುಡುಕಿ, ಕಾಗದದ ಮೇಲೆ ಭಾಗಾಕಾರ ಮಾಡಿ, "ಎಂಟು ಬತ್ತಿ ಜಾಸ್ತಿ ಆಗ್ಯಾವ ಅಕ್ಕಾ" ಎಂದ. ಬತ್ತಿಯ ವಿಷಯಕ್ಕೆ ಅವನು ಹೊತ್ತಿನ ಮಾತೆತ್ತಿದ್ದನ್ನು ಆಮೇಲೆ ನಾನು ಕೇಳಲಿಲ್ಲ.

ಮಸ್ಕತ್ತಿನವರು ಹತ್ತು ಪೊಟ್ಟಣ ತರಿಸಿಕೊಂಡರು. ಲಕ್ಷಕ್ಕೆ ಕಡಿಮೆ ಬಿದ್ದವನ್ನು ಅಲ್ಲಿ ಅತ್ತೆ, ಸೊಸೆ ಸೇರಿ ಹೊಸೆದುಕೊಳ್ಳುವವರಿದ್ದರು. ನಮ್ಮತ್ತೆ ನೂರು ನೂರರ ಗುಡ್ಡೆ ಮಾಡಿ ಎಣಿಸಿ ಕಟ್ಟಿದಳು. ನನಗೆ ಎಣಿಸಲು ಬಿಡಲಿಲ್ಲ. ಮೂರು ವಾರದ ಮೇಲೆ ಅವರಿಂದ ಮತ್ತೊಂದು ಇ-ಮೇಲ್ ಬಂತು. ಅತ್ತೆ ಸಂಜೆಯ ದೀಪ ಹಚ್ಚಿ ಬಂದು ಕೂತಿದ್ದಳು. ಅವಳಿಗೆ ಓದಿ ಹೇಳಿದೆ.

ಬತ್ತಿ ಭಾಳ ಚೆಂದ ಇದ್ದಾವ, ಒಂದೂ ಅಡ್ಡ ಬೀಳಲಿಲ್ಲ ಎಂದು ಬರೆದಿದ್ದರು. ವ್ರತದ ಲೆಕ್ಕ ತಪ್ಪಬಾರದೆಂದು ಎಲ್ಲವನ್ನೂ ಎಣಿಸಿದರಂತೆ. ಪ್ರತಿ ಪೊಟ್ಟಣದಲ್ಲೂ ಇಪ್ಪತ್ತೊಂದು ಬತ್ತಿ ಹೆಚ್ಚಿಗಿದ್ದವು. "ನಿಮ್ಮ ಶ್ರಮದ್ದು ನಮ್ಮ ಮ್ಯಾಲೆ ಉಳೀಬಾರದು. ಆ ಎರಡನೂರಾ ಹತ್ತು ಬತ್ತಿಗೆ ಎಷ್ಟಾಗತದ ತಿಳಸ್ರಿ, ಕಳಸ್ತೀವಿ."

"ಅತ್ತಿ, ಎಣಿಸೋದು ತಪ್ಪಿತೇನು?"

"ನಾ ಯಾಕ ತಪ್ಪಲಿ? ತಿಳದು ಹಾಕೀನಿ."

"ಹಂಗಿದ್ರ ಎಷ್ಟಂತ ಬರೀಲಿ?"

ಅತ್ತೆಯ ಕಣ್ಣು ತುಂಬಿತ್ತು, ಮುಖದಲ್ಲಿ ನಗು ಇತ್ತು. ಅಪ್ಪನೂ ಪತ್ರಿಕೆ ಮಡಿಚಿ ಅವಳ ಕಡೆಗೇ ನೋಡುತ್ತಿದ್ದ.

"ಇಷ್ಟು ವರ್ಷ ಮಂದಿ ಕಿಮ್ಮತ್ತು ಕೇಳಲಾರದ ಒಯ್ದರು, ನಾ ಕೊಟ್ಟಿದ್ದಿಲ್ಲ," ಎಂದಳು. "ಅವಕ್ಕ ರೊಕ್ಕ ಬ್ಯಾಡ ಅಂತ ಬರಿ. ಅವು ನಾ ಕೊಟ್ಟಿದ್ದು."