ಗುಡ್ಡ ಬಲಕ್ಕಿರಲಿ

ಮೂಕಣ್ಣ ಅಂತ ಹೆಸರಿಟ್ಟವರು ಮೂರು ಕಣ್ಣಿನ ದೇವರನ್ನು ನೆನೆದೇ ಇಟ್ಟಿದ್ದರು. ಊರವರು ಮಾತ್ರ ಅದರೊಳಗಿನ ಮೂಕನನ್ನಷ್ಟೇ ಹಿಡಿದುಕೊಂಡು ಐವತ್ತೆಂಟು ವರ್ಷದಿಂದ ನಗುತ್ತಿದ್ದಾರೆ. ಹೊಸಪೇಟೆಯ ಅವನ ಸೈಕಲ್ ಅಂಗಡಿಗೆ ಗಾಳಿ ಹೊಡೆಸಲು ಹೋದವರು ಗಾಳಿಯ ಜೊತೆಗೆ ಒಂದು ತಾಸಿನ ಕಥೆಯನ್ನೂ ತುಂಬಿಸಿಕೊಂಡೇ ಬರಬೇಕು. ಕಥೆಯಾದರೂ ಒಂದೇ. ಬುತ್ತಿ ಸುತ್ತು.

ಹದಿನೆಂಟರಿಂದ ಮೂವತ್ತರವರೆಗೆ ಮೂಕಣ್ಣ ಸಂಡೂರು ಗುಡ್ಡದ ಅದಿರು ಕ್ಯಾಂಪುಗಳಿಗೆ ಊಟ ಹೊತ್ತವನು. ಗುಡ್ಡದ ಬುಡದಲ್ಲಿ ಜಂಬವ್ವನ ಖಾನಾವಳಿ. ಜೋಳದ ರೊಟ್ಟಿ, ಪುಂಡಿಪಲ್ಯ, ಅನ್ನ, ಸಾರು ತುಂಬಿದ ಇಪ್ಪತ್ತು ಟಿಫಿನ್ ಕ್ಯಾರಿಯರುಗಳನ್ನು ಸೈಕಲ್ಲಿನ ಕ್ಯಾರಿಯರ್ ಮೇಲೆ ಬಿಗಿದು, ಕಾಡಿನ ಕಾಲುದಾರಿ ಹಿಡಿದು, ಮೂಗಿಗೆ ಮೊಣಕಾಲು ತಾಗುವಂಥ ಏರು ಹತ್ತಿ, ಮೇಲಿನ ಮೂರು ಕ್ಯಾಂಪಿಗೆ ಹಂಚುವುದು. ಕ್ಯಾಂಪಿನವರು ಉಂಡ ಮೇಲೆ ಆಚೆ ಮಗ್ಗುಲಿನ ಉದ್ದನೆಯ ಇಳಿಜಾರಿನಲ್ಲಿ ಖಾಲಿ ಡಬ್ಬಿ ಗಲಗಲ ಅನ್ನಿಸುತ್ತ ಮತ್ತೆ ಖಾನಾವಳಿಗೆ ಬಂದು ಬೀಳುವುದು. ಆ ಸದ್ದಿಗೆ ಹೆದರಿದ ಕರಡಿಗಳು ದೂರದ ದರೋಜಿ ಕಾಡು ಮುಟ್ಟುವ ತನಕ ತಿರುಗಿ ನೋಡುತ್ತಿರಲಿಲ್ಲ ಎಂಬುದು ಮೂಕಣ್ಣನ ಮಾತು. ಕರಡಿಗಳನ್ನು ಕೇಳಿದವರಿಲ್ಲ.

ಅವನ ಮುಂದೆ ಯಾವಾಗಲೂ ಜೊತೆಗೆ ಬುತ್ತಿ ಹೊರುತ್ತಿದ್ದ ನಾಗೇಂದ್ರಪ್ಪನ ಸೈಕಲ್. ವಯಸ್ಸಿನಲ್ಲಿ ಎರಡು ವರ್ಷ ದೊಡ್ಡವನು, ಬಾಯಲ್ಲಿ ಹತ್ತು ವರ್ಷ. ಹೀಗಾಗಿ ಹನ್ನೆರಡು ವರ್ಷ ಮೂಕಣ್ಣ ಕಾಡಿಗಿಂತ ಹೆಚ್ಚಾಗಿ ನಾಗೇಂದ್ರಪ್ಪನ ಬೆನ್ನನ್ನೇ ನೋಡಿದ್ದ.

ಜಂಬವ್ವನದು ಒಂದೇ ಕಟ್ಟಪ್ಪಣೆ. "ಗುಡ್ಡ ಬಲಕ್ಕಿರ್ಲಿ." ಗುಡ್ಡದ ನೆತ್ತಿಯ ಮೇಲೆ ಗಾಳೆಮ್ಮನ ಕಲ್ಲಿತ್ತು. "ದೇವರನ್ನ ಎಡಕ್ಕ ಹಾಕಿ ಸುತ್ತೋದು ಹೆಣದ ಜತಿ ಹೋಗೋವಾಗಲೇ. ನೀವು ಒಯ್ಯೋದು ಅನ್ನ, ನೆಪ್ಪಿರ್ಲಿ" ಅನ್ನುತ್ತಿದ್ದಳು. ಮಳೆ ಬರಲಿ, ಟೈರು ಒಡೆಯಲಿ, ಇಬ್ಬರೂ ಒಂದು ದಿನವೂ ಎಡಕ್ಕೆ ಸುತ್ತಿದವರಲ್ಲ.

ಆಮೇಲೆ ಕ್ಯಾಂಪಿಗೆ ಜೀಪು ಬಂತು, ಊಟ ಜೀಪು ಹತ್ತಿತು. ಜಂಬವ್ವ ಹೋದಳು. ಕ್ಯಾಂಪೂ ಮುಚ್ಚಿತು. ನಾಗೇಂದ್ರಪ್ಪ ಕಂಪ್ಲಿಯ ಒಂದು ಅಕ್ಕಿ ಗಿರಣಿಗೆ ವಾಚ್‌ಮನ್ ಆಗಿ ಕುರ್ಚಿ ಹಿಡಿದ. ಸುತ್ತು ಮಾತ್ರ ಮೂಕಣ್ಣನ ಬಾಯಲ್ಲಿ ಉಳಿಯಿತು.

ಈ ವರ್ಷ ಅದನ್ನು ಕೇಳಿಕೊಂಡೇ ಇಬ್ಬರು ಅಂಗಡಿಗೆ ಬಂದರು. ಬ್ಯಾಂಕಿನಲ್ಲಿ ಕೆಲಸ ಮಾಡುವ ಕಾವ್ಯ, ಊರಿನ ಸೈಕಲ್ ಕ್ಲಬ್ಬಿನ ಮುಖ್ಯಸ್ಥೆ. ಜೊತೆಗೆ ಕ್ಲಬ್ಬಿನ ಮನೋಹರ್, ಟೈಲ್ಸ್ ಅಂಗಡಿಯವನು. ಅವರ ಗುಡ್ಡಗಾಡು ಸೈಕಲ್ಲುಗಳನ್ನು ಮೂಕಣ್ಣ ಸುತ್ತ ತಿರುಗಿ ನೋಡಿದ. ಕ್ಯಾರಿಯರ್ ಇಲ್ಲ, ಸ್ಟ್ಯಾಂಡ್ ಇಲ್ಲ, ಬೆಲ್ಲಿಲ್ಲ, ಮಡ್‌ಗಾರ್ಡಿಲ್ಲ.

"ಎಲ್ಲಾ ಬಿಚ್ಚಿಟ್ಕೊಂಡು ಮ್ಯಾಲ ರೇಟೂ ಜಾಸ್ತಿ ತಗೊಂಡಾರಲ್ಲ, ಮಾರಿದವರು ಶಾಣ್ಯಾರು ಬಿಡ್ರಿ" ಅಂದ.

ವಿಷಯ ಇಷ್ಟು. ಕ್ಲಬ್ಬಿನವರು ಕಾಡಿನಲ್ಲಿ ಒಂದು ಸುತ್ತಿನ ಸ್ಪರ್ಧೆ ಇಡಬೇಕೆಂದಿದ್ದರು. ಹಳೆಯ ದಾರಿಯಿದ್ದರೆ ಮಾತ್ರ ಒಪ್ಪಿಗೆ, ಹೊಸದಾಗಿ ಒಂದು ಟೊಂಗೆಯನ್ನೂ ಕಡಿಯುವಂತಿಲ್ಲ ಎಂದು ಅರಣ್ಯದವರು ಹೇಳಿದ್ದರು. ಸೋಮವಾರ ದಾರಿಯ ನಕ್ಷೆ ಕೊಡಬೇಕು. ಇಲ್ಲದಿದ್ದರೆ ಸ್ಪರ್ಧೆ ಟಿ.ಬಿ. ಡ್ಯಾಂ ಕಾಲುವೆ ದಂಡೆಗೆ.

"ಕಾಕಾ, ದಾರಿ ಇನ್ನೂ ನೆಪ್ಪೈತೇನ್ರಿ?" ಅಂದಳು ಕಾವ್ಯ.

"ಕಣ್ಣು ಕಟ್ಟಿ ಬಿಡು ಯವ್ವಾ, ಹೋಗಿ ಬರ್ತೀನಿ."

ಮನೋಹರ್ ಮೆಲ್ಲಗೆ ನಕ್ಕ. "ದಾರಿ ಖರೇನ ಇತ್ತೋ, ಯಜಮಾನ್ರ ಕಥಿಯೊಳಗಷ್ಟ ಐತೋ, ಭಾನುವಾರ ಗೊತ್ತಾಗ್ತೈತಿ."

ಆ ಮಾತು ಮೂಕಣ್ಣನಿಗೆ ಮುಳ್ಳಿನಂತೆ ಹೊಕ್ಕಿತು. ಇಷ್ಟು ವರ್ಷ ಊರು ತನ್ನ ಕಥೆಯನ್ನು ಕೇಳಿದ್ದು ನಂಬಿಕೆಯಿಂದಲೋ, ಗಾಳಿ ತುಂಬುವ ತನಕ ಹೊತ್ತು ಹೋಗಲಿ ಅಂತಲೋ? ರಾತ್ರಿ ಉಣ್ಣುವಾಗ ಹೆಂಡತಿ ಚೆನ್ನಬಸಮ್ಮನನ್ನು ಕೇಳಿದ.

"ಕರಡಿ ಒಂದು ಬಿಟ್ಟು ಉಳಿದದ್ದೆಲ್ಲಾ ನಂಬೀನಿ" ಅಂದಳು. "ಮೊಣಕಾಲಿಗೆ ಎಣ್ಣಿ ಹಚ್ಕೊಂಡು ಹೋಗ್ರಿ."

ಭಾನುವಾರ ಬೆಳಿಗ್ಗೆ ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿಂದು ಗುಡ್ಡದ ಬುಡ ಸೇರಿದರು. ಖಾನಾವಳಿಯ ಜಾಗದಲ್ಲಿ ಒಲೆಯ ಮೂರು ಕಲ್ಲುಗಳಷ್ಟೇ ಇದ್ದವು. ಮೂಕಣ್ಣ ತನ್ನ ಹಳೆಯ ಕಬ್ಬಿಣದ ಸೈಕಲ್ಲನ್ನು ಅಭ್ಯಾಸದಂತೆ ಏರಿನ ಕಡೆ ತಿರುಗಿಸಿದ್ದ.

"ಆ ಕಡಿ ಬ್ಯಾಡ್ರಿ ಕಾಕಾ" ಅಂದಳು ಕಾವ್ಯ. "ಉದ್ದನೆ ಜಾರು ಮೊದಲು ಹತ್ತಿ, ಕಡಿಗೆ ನೆಟ್ಟನೆ ಏರಿನ್ಯಾಗ ಇಳಿಯೋಣು. ಇಳಿಯೋದ್ರಾಗ ಮಜಾ ಇರೋದು."

ಅಂದರೆ ಎಡಕ್ಕೆ ಸುತ್ತುವುದು. ಮೂಕಣ್ಣ ಒಂದು ಗಳಿಗೆ ಅನುಮಾನಿಸಿದ. ಜಂಬವ್ವನ ಮಾತು ಹೇಳಿದರೆ ಮನೋಹರ್ ಮತ್ತೆ ನಗುತ್ತಾನೆ. "ದಾರಿ ಅಂದಮ್ಯಾಲ ಹಿಂದೇನು, ಮುಂದೇನು, ನಡೀರಿ" ಅಂದುಬಿಟ್ಟ.

ಮೊದಲ ಅರ್ಧ ತಾಸು ಮೀಸೆಗೆ ಮಣ್ಣು ತಾಗಲಿಲ್ಲ. ಆಮೇಲೆ ದಾರಿ ಎರಡು ಕವಲಾಯಿತು. ಕಾವ್ಯ ತಿರುಗಿ ನೋಡಿದಳು. ಮೂಕಣ್ಣ ತುಂಬ ತಿಳಿದವನ ಹಾಗೆ ಬಲಗವಲು ತೋರಿಸಿದ. ಅದು ಲಂಟಾನದ ಪೊದೆಗೆ ಒಯ್ದು ಅಂಗಿ ಹರಿಯಿತು. ಎಡಗವಲು ಹಿಡಿದರೆ ಒಂದು ಹಳೆಯ ಗುಂಡಿಯ ಅಂಚಿಗೆ ಬಂದು ನಿಂತಿತು. ದಿಂಡಲು ಮರಗಳೆಲ್ಲ ಮದುವೆಮನೆಯಲ್ಲಿ ಗುರುತು ಹಿಡಿಯದ ನೆಂಟರಂತೆ ನೋಡಿದವು. ಹನ್ನೆರಡು ವರ್ಷ ಓಡಾಡಿದ ಜಾಗದಲ್ಲಿ ಒಂದು ಕಲ್ಲೂ ಪರಿಚಯದ್ದಲ್ಲ.

"ಡ್ಯಾಂ ದಂಡೀನ ಚಲೋ ಬಿಡು ಕಾವ್ಯ" ಅಂದ ಮನೋಹರ್, ಮುಳ್ಳು ಕೀಳುತ್ತ. "ಅಲ್ಲಿ ದಾರಿ ಎಲ್ಲಿಗೂ ಓಡಿಹೋಗಂಗಿಲ್ಲ. ಹನ್ನೊಂದರ ತನಕ ನೋಡೋಣು, ಆಮ್ಯಾಲ ಇಳಿಯೋಣು."

ಹತ್ತೂವರೆಯಾಗಿತ್ತು. ಮೂಕಣ್ಣ ಕವಲಿಗೆ ಬಂದು, ನೀರು ಕುಡಿಯುವ ನೆಪದಲ್ಲಿ ಬಂಡೆಯ ಮೇಲೆ ಕುಂತ. ಇಬ್ಬರ ಮುಖ ನೋಡಲಾಗದೆ, ತಾವು ಹತ್ತಿ ಬಂದ ಕಡೆಗೆ ತಿರುಗಿ ಕುಂತಿದ್ದ. ಬಾಟಲಿ ಬಾಯಿಂದ ಇಳಿಸಿದವನು ತಟ್ಟನೆ ಎದ್ದು ನಿಂತ.

ಕೆಳಗೆ, ಎರಡು ಮರಗಳ ನಡುವೆ, ಎಮ್ಮೆ ಮಲಗಿದಂಥ ಬಂಡೆ. ಅದರ ಬಲಕ್ಕೆ ದಾರಿ ಸೊಂಟ ತಿರುಗಿಸುವ ಜಾಗ. ಅಲ್ಲೇ ನಾಗೇಂದ್ರಪ್ಪ ಬ್ರೇಕ್ ಹಿಡಿಯದೆ ಕೂಗುತ್ತಿದ್ದ: "ಲೇ ಮೂಕಾ, ಎಮ್ಮಿ ಬಂತು, ಬಲಕ್ಕ ವಾಲು."

ಕವಲಿಗೆ ಬರುವ ಮೊದಲು ಅದೇ ಬಂಡೆಯನ್ನು ದಾಟಿ ಬಂದಿದ್ದರು. ಹತ್ತುವಾಗ ಅದು ಬರಿಯ ಬಂಡೆ. ಮೇಲಿನಿಂದ ನೋಡಿದರೆ ಎಮ್ಮೆ.

"ಯವ್ವಾ" ಅಂದ. ದನಿ ಸಣ್ಣದಾಗಿತ್ತು. "ನಾನು ಈ ದಾರಿ ಮುಖ ಅಷ್ಟ ನೋಡೀನಿ. ಬೆನ್ನು ನೋಡಿಲ್ಲ."

"ಅಂದ್ರ?"

"ಒಂದು ದಿನವೂ ಉಲ್ಟಾ ಬಂದಿಲ್ಲ. ಮುಂಜಾನಿ ಹಿಂದೇನು ಮುಂದೇನು ಅಂದದ್ದು ಸೊಕ್ಕು. ನನಗ ಎಡಕ್ಕ ಬರಂಗಿಲ್ಲ."

ಮನೋಹರ್ ಏನೋ ಅನ್ನಲು ಬಾಯಿ ತೆರೆದ. ಅಷ್ಟರಲ್ಲಿ ಮೂಕಣ್ಣ ತನ್ನ ಸೈಕಲ್ಲನ್ನು ಅವನ ಕೈಗೆ ಕೊಟ್ಟು, ಗುಡ್ಡಕ್ಕೆ ಬೆನ್ನು ಹಾಕಿ, ಇಳಿಜಾರನ್ನು ನೋಡುತ್ತ ಒಂದೊಂದೇ ಹೆಜ್ಜೆ ಹಿಂದಕ್ಕೆ ಹತ್ತತೊಡಗಿದ.

ಕಾವ್ಯ ಎರಡು ಸಲ ಕಣ್ಣು ಪಿಳುಕಿಸಿದಳು. ಆಮೇಲೆ ತನ್ನ ಸೈಕಲ್ಲನ್ನು ಒಂದು ಕೈಯಲ್ಲಿ ತಳ್ಳುತ್ತ ಅವನ ಬೆನ್ನ ಹಿಂದೆ ಹೋಗಿ, ಅದಿರು ಲಾರಿಗೆ ರಿವರ್ಸ್ ತೋರಿಸುವ ಕ್ಲೀನರಿನಂತೆ ಕೈ ಆಡಿಸಿದಳು. "ಬರ್ಲಿ, ಬರ್ಲಿ... ಕಲ್ಲೈತಿ, ಸ್ವಲ್ಪ ಬಲಕ್ಕ... ಬರ್ಲಿ."

ಮನೋಹರ್ ತನ್ನ ಹಗುರ ಸೈಕಲ್ಲನ್ನು ಭುಜಕ್ಕೆ ಹಾಕಿಕೊಂಡು, ಇನ್ನೊಂದು ಕೈಯಿಂದ ಆ ಕಬ್ಬಿಣದ ಹೆಣವನ್ನು ತಳ್ಳುತ್ತ ಹಿಂದೆ ಬಂದ.

ಎಮ್ಮೆಬಂಡೆ ನೇರ ಎದುರಿಗಿರುವಂತೆ ಹಿಂದೆ ಸರಿದರೆ, ಎರಡು ಕವಲಿನ ನಡುವೆ, ತಂಗಡಿ ಗಿಡ ಮುಚ್ಚಿದ್ದ ಮೂರನೆಯದೊಂದು ಸಂದು. ಅಲ್ಲಿ ಹೊಕ್ಕರೆ ಕಾಲಡಿಗೆ ಗಟ್ಟಿ ಕೆಂಪು ನೆಲ. ಮೂಕಣ್ಣನ ಕಣ್ಣ ಮುಂದೆ ದಾರಿ ತಾನೇ ಬಿಚ್ಚಿಕೊಳ್ಳುತ್ತ ಹೋಯಿತು. ಚೈನು ಕಳಚಿದ ತಿರುವು. ನಾಗೇಂದ್ರಪ್ಪ ಬಿದ್ದು, ಬಿದ್ದಿಲ್ಲ ಎಂದು ವಾದಿಸಿದ ಹಳ್ಳ. ಸೀತಾಫಲದ ಗಿಡಗಳು. ಬೇಕಂತಲೇ ಸೈಕಲ್ ಕೆಟ್ಟಿತೆಂದು ಇಬ್ಬರೂ ಕುಂತು ಹಣ್ಣು ತಿಂದು, ಬೀಜವನ್ನು ಯಾರು ದೂರ ಉಗುಳುತ್ತಾರೆಂದು ಪಂದ್ಯ ಕಟ್ಟಿದ ಜಾಗ. ಗೆದ್ದವನು ಯಾವಾಗಲೂ ನಾಗೇಂದ್ರಪ್ಪ. ಈ ಗಿಡಗಳಲ್ಲಿ ಹೆಚ್ಚಿನವು ಅವನವೇ ಇರಬೇಕು.

"ಕಾಕಾ, ಅಳ್ತೀರೇನ್ರಿ?"

"ಧೂಳು ಯವ್ವಾ. ಹಿಂದಕ್ಕ ನಡೆದ್ರ ಧೂಳು ಎದುರಿಗೇ ಬರ್ತೈತಿ" ಅಂದ. ಕಾಡಿನಲ್ಲಿ ಎಲೆ ಅಲ್ಲಾಡುವಷ್ಟೂ ಗಾಳಿ ಇರಲಿಲ್ಲ.

ಹನ್ನೊಂದೂವರೆಗೆ ನೆತ್ತಿಯ ಬಯಲು ಬಂತು. ಮೂರು ಕ್ಯಾಂಪಿನ ಕಲ್ಲಿನ ಕಟ್ಟೆಗಳು ಹುಲ್ಲಿನಲ್ಲಿ ಮುಳುಗಿದ್ದವು. ಮನೋಹರ್ ಎರಡೂ ಸೈಕಲ್ ಇಳಿಸಿ, ಒಂದು ಕಟ್ಟೆಯನ್ನು ಕೈಯಿಂದ ಮುಟ್ಟಿ ನೋಡಿದ. ಫೋನಿನಲ್ಲಿ ದಾರಿಯ ಗುರುತು ಹಾಕಿಕೊಂಡ.

"ಯಜಮಾನ್ರೇ, ಇಪ್ಪತ್ತು ಕ್ಯಾರಿಯರು ಇಲ್ಲಿಗೆ ಹೊತ್ತು ತರ್ತಿದ್ರೇನ್ರಿ?" ಅಂದ.

"ಒಂದೊಂದು ದಿನ ಹದಿನೆಂಟು" ಅಂದ ಮೂಕಣ್ಣ. ಇವತ್ತು ಸುಳ್ಳಿಗೆ ಮನಸ್ಸಾಗಲಿಲ್ಲ.

ಉಳಿದರ್ಧ ಸುಲಭವಿತ್ತು, ಹತ್ತು ಹೆಜ್ಜೆಗೊಮ್ಮೆ ತಿರುಗಿ ನೋಡಿ ಇಳಿದರೆ ಸಾಕಿತ್ತು. ಬುಡ ಮುಟ್ಟಿದಾಗ ಮೂಕಣ್ಣನ ಕುತ್ತಿಗೆ ಒಂದೇ ಕಡೆಗೆ ನಿಂತಿತ್ತು. ಕಾವ್ಯ ನೆರಳಿಗೆ ಕುಂತು ಅರ್ಜಿ ತೆಗೆದಳು.

"ದಿಕ್ಕು ಬರೀಬೇಕು ಕಾಕಾ. ಎಡಸುತ್ತೋ, ಬಲಸುತ್ತೋ?"

"ಇಳಿಯೋದ್ರಾಗ ಮಜಾ ಅಂದಿದ್ದಿ."

"ಹುಡುಗರಿಗೆ ದಾರಿ ತಪ್ಪಿದ್ರ ಎಲ್ಲರನ್ನೂ ಹಿಂದಕ್ಕ ನಡೆಸಾಕ ಆಗ್ತೈತೇನ್ರಿ?" ಅಂದು 'ಬಲಸುತ್ತು' ಅಂತ ಬರೆದಳು.

ಮೂಕಣ್ಣ ಎದ್ದು ಸೈಕಲ್ಲಿನ ಮೂತಿಯನ್ನು ಗುಡ್ಡದ ಕಡೆಗೆ ತಿರುಗಿಸಿದ.

"ಎಲ್ಲಿಗ್ರಿ ಮತ್ತ?"

"ಬರೆದದ್ದು ಸರಿ ಐತೋ ಇಲ್ಲೋ ನೋಡ್ಕೊಂಡು ಬರ್ತೀನಿ."

ಅರ್ಧ ಫರ್ಲಾಂಗಿನಲ್ಲೇ ಏರು ಎದ್ದು ನಿಂತಿತು. ಮೂಕಣ್ಣ ಇಳಿದು ತಳ್ಳತೊಡಗಿದ. ಹಿಂದಿನಿಂದ ಬಂದ ಕಾವ್ಯಳೂ ಮನೋಹರನೂ ತುಳಿಯಲಾರದೆ ಇಳಿದರು.

"ಇಲ್ಲಿ ನೀವು ತುಳಕೊಂಡು ಹೋಗ್ತಿದ್ರಂತ?" ಅಂದ ಮನೋಹರ್, ಏದುಸಿರು ಬಿಡುತ್ತ.

"ಯಾವನೂ ತುಳಿದಿಲ್ಲಪಾ. ನಾಗೇಂದ್ರಪ್ಪನೂ ಇಳಿದೇ ತಳ್ತಿದ್ದ. ಅವನು ತಳ್ಳೋದು ನನಗ ಕಾಣ್ತಿತ್ತು, ನಾನು ತಳ್ಳೋದು ಅವನಿಗೆ ಕಾಣ್ತಿರಲಿಲ್ಲ, ಅಷ್ಟ" ಅಂದು ಮೂಕಣ್ಣ ಬಲಕ್ಕೆ ಗುಡ್ಡ ನೋಡಿಕೊಳ್ಳುತ್ತ ತಳ್ಳಿದ.